ಬಳ್ಳಾರಿಯ ಬಿಸಿಲು, ಕಾರವಾರದ ಸೆಕೆ: ನೆಲ, ನೀರು, ಗಾಳಿ ಬಿಸಿಯಾಗುವ ಬಗೆ

ಮ್ಯಾಪ್ ತೆಗೆದು ನೋಡಿ. ಕಾರವಾರ, ಬಳ್ಳಾರಿ ಎರಡೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದಲ್ಲಿವೆ, 15 ಡಿಗ್ರಿ ಉತ್ತರದ ಹತ್ತಿರ. ಎರಡೂ ಊರಿನಲ್ಲಿ ಸೂರ್ಯ ಒಂದೇ ಎತ್ತರಕ್ಕೆ ಏರುತ್ತಾನೆ. ಆದರೂ ಏಪ್ರಿಲ್ ಮಧ್ಯಾಹ್ನ ಬಳ್ಳಾರಿಯಲ್ಲಿ 40 ಡಿಗ್ರಿ ಸೆಲ್ಸಿಯಸ್ ಆಸುಪಾಸು, ಕಾರವಾರದಲ್ಲಿ 33ರ ಆಸುಪಾಸು. ಈ ವ್ಯತ್ಯಾಸ ಯಾಕೆ ಅಂತ ಗೊತ್ತಾದರೆ ಪಾಠದ ಮುಕ್ಕಾಲು ಭಾಗ ಮುಗಿದ ಹಾಗೆ.

ಸೂರ್ಯ 15 ಕೋಟಿ ಕಿ.ಮೀ. ದೂರದಲ್ಲಿದ್ದಾನೆ. ನಡುವೆ ಇರುವುದು ಬರೀ ಖಾಲಿ ಜಾಗ. ಶಾಖ ಸಾಗುವ ದಾರಿ ಮೂರು: ವಹನ, ಸಂವಹನ, ವಿಕಿರಣ. ವಹನಕ್ಕೆ ಒಂದಕ್ಕೊಂದು ತಾಗಿರುವ ವಸ್ತು ಬೇಕು, ಸಂವಹನಕ್ಕೆ ಹರಿಯುವ ವಸ್ತು ಬೇಕು. ಅಲ್ಲಿ ಎರಡೂ ಇಲ್ಲ. ಹಾಗಾಗಿ ಶಾಖ ಬರುವುದು ವಿಕಿರಣದಿಂದ, ಅಂದರೆ ಬೆಳಕಿನಂಥ ಕಿರಣಗಳ ರೂಪದಲ್ಲಿ ಮಾತ್ರ, ಸುಮಾರು 8 ನಿಮಿಷ 20 ಸೆಕೆಂಡಿನಲ್ಲಿ. ಬಂದದ್ದರಲ್ಲಿ ನೂರಕ್ಕೆ 30 ಪಾಲು ಮೋಡ, ಹಿಮ, ಮರಳಿಗೆಲ್ಲ ತಾಗಿ ವಾಪಸ್ ಹೋಗುತ್ತದೆ. ವಾತಾವರಣ ಹೀರುವುದು 20ಕ್ಕಿಂತ ಸ್ವಲ್ಪ ಜಾಸ್ತಿ. ಉಳಿದ ಅರ್ಧದಷ್ಟು ನೆಲ ಮತ್ತು ಸಮುದ್ರದ ಪಾಲು.

ಪರೀಕ್ಷೆಯಲ್ಲಿ ತುಂಬಾ ಜನ ಎಡವುವುದು ಇಲ್ಲೇ. ಬಿಸಿಲು ಮೊದಲು ಗಾಳಿಯನ್ನು ಕಾಯಿಸಿ, ಆಮೇಲೆ ನೆಲವನ್ನು ಕಾಯಿಸುತ್ತದೆ ಅಂದುಕೊಳ್ಳುತ್ತೇವೆ. ನಾನೂ ಹಾಗೇ ಬರೆದಿದ್ದೆ. ಅದು ಉಲ್ಟಾ. ಬೆಳಕು ಗಾಳಿಯನ್ನು ಬಹುಪಾಲು ದಾಟಿ ನೆಲಕ್ಕೆ ಬೀಳುತ್ತದೆ. ನೆಲ ಕಾಯುತ್ತದೆ, ನೆಲದಿಂದ ಗಾಳಿ ಕಾಯುತ್ತದೆ. ರೊಟ್ಟಿ ಬೇಯುವುದು ಹಂಚಿನ ಮೇಲೆ ಅಲ್ವಾ? ಸೂರ್ಯ ಒಲೆ, ನೆಲ ಹಂಚು, ಗಾಳಿ ರೊಟ್ಟಿ. ಹಂಚಿನಿಂದ ದೂರ ಹೋದಷ್ಟೂ ತಂಪು: ಒಂದು ಕಿ.ಮೀ. ಮೇಲೇರಿದರೆ ಸರಾಸರಿ 6.5 ಡಿಗ್ರಿ ಕಡಿಮೆ. ಮುಳ್ಳಯ್ಯನಗಿರಿಯ ತುದಿ ಸೂರ್ಯನಿಗೆ ಎರಡು ಕಿ.ಮೀ. ಹತ್ತಿರವಾದರೂ ಅಲ್ಲಿ ಚಳಿ ಯಾಕೆ ಅನ್ನುವುದಕ್ಕೆ ಇದೇ ಉತ್ತರ. 15 ಕೋಟಿಯಲ್ಲಿ ಎರಡು ಯಾವ ಲೆಕ್ಕ!

ಈ ಲೆಕ್ಕದಲ್ಲಿ ಬಳ್ಳಾರಿ ತಂಪಾಗಿರಬೇಕಿತ್ತು. ಅದು ಸಮುದ್ರ ಮಟ್ಟದಿಂದ 400 ಮೀಟರಿಗಿಂತ ಮೇಲಿದೆ. ಆದರೂ ಸುಡುತ್ತದೆ. ಯಾಕೆಂದರೆ ಅಲ್ಲಿರುವ ಹಂಚು ಒಣ ನೆಲದ್ದು, ಕಾರವಾರದ ಪಕ್ಕದಲ್ಲಿರುವುದು ನೀರಿನದ್ದು.

ಒಂದು ಗ್ರಾಂ ನೀರು ಒಂದು ಡಿಗ್ರಿ ಏರಲು ಸುಮಾರು 4.2 ಜೂಲ್ ಶಾಖ ಬೇಕು. ಒಣ ಮರಳಿಗೆ 0.8 ಸಾಕು. ಇದು ವಿಶಿಷ್ಟೋಷ್ಣ. ಪುಸ್ತಕಗಳು ಇಲ್ಲಿಗೇ ನಿಲ್ಲಿಸುತ್ತವೆ, ಆದರೆ ಇದೊಂದೇ ಕಾರಣವಲ್ಲ. ನೆಲದ ಒಳಗೆ ಬೆಳಕು ಇಳಿಯುವುದಿಲ್ಲ. ಮೇಲಿನ ತೆಳು ಪದರಕ್ಕೇ ಎಲ್ಲ ಬಿಸಿಲೂ ಬೀಳುತ್ತದೆ. ಹಗಲಿನ ಕಾವು ಅರ್ಧ ಮೀಟರ್ ಇಳಿಯುವಷ್ಟರಲ್ಲಿ ಹೆಚ್ಚುಕಡಿಮೆ ಸತ್ತೇ ಹೋಗಿರುತ್ತದೆ. ನಮ್ಮ ಹಿರಿಯರು ಧಾನ್ಯ ತುಂಬಿಡುತ್ತಿದ್ದ ಹಗೇವಿನಲ್ಲಿ ಹಗಲು ರಾತ್ರಿ ಒಂದೇ ಹದ ಇರುತ್ತಿದ್ದುದು ಅದಕ್ಕೇ. ಸಮುದ್ರದಲ್ಲಿ ಹಾಗಲ್ಲ. ಬೆಳಕು ಹತ್ತಾರು ಮೀಟರ್ ಇಳಿಯುತ್ತದೆ, ಅಲೆಗಳು ಬಿಸಿ ನೀರನ್ನು ಕೆಳಗಿನ ತಣ್ಣೀರಿನ ಜೊತೆ ಕಲಸುತ್ತವೆ. ಇನ್ನೊಂದು ಪಾಲು ಶಾಖ ನೀರನ್ನು ಆವಿ ಮಾಡಲು ಖರ್ಚಾಗುತ್ತದೆ. ಅದು ಗುಪ್ತೋಷ್ಣ, ಥರ್ಮಾಮೀಟರಿಗೆ ಕಾಣದ ಶಾಖ. ಆ ಆವಿ ಗಾಳಿಯಲ್ಲಿ ತುಂಬಿಕೊಂಡಾಗ ನಮ್ಮ ಬೆವರು ಆರುವುದಿಲ್ಲ. 33 ಡಿಗ್ರಿಯಲ್ಲೂ ಕಾರವಾರದಲ್ಲಿ ಜೀವ ಬೇಯುತ್ತದೆ. ಒಣ ಬಿಸಿಲಿಗಿಂತ ನನಗೆ ಈ ಸೆಕೆಯೇ ಕಷ್ಟ.

ಮಧ್ಯಾಹ್ನ ಕಡಲ ಕಡೆಯಿಂದ ಗಾಳಿ ಬೀಸುವುದೂ ಇದರಿಂದಲೇ. ಕಾದ ನೆಲದ ಮೇಲಿನ ಗಾಳಿ ಹಗುರಾಗಿ ಏರುತ್ತದೆ, ಆ ಜಾಗಕ್ಕೆ ಕಡಲಿನ ತಂಪು ಗಾಳಿ ನುಗ್ಗುತ್ತದೆ. ಇದೇ ಸಂವಹನ. ರಾತ್ರಿ ನೆಲ ಬೇಗ ತಣ್ಣಗಾಗುತ್ತದೆ, ಗಾಳಿ ತಿರುಗಿ ಕಡಲ ಕಡೆ ಹೋಗುತ್ತದೆ.

ಇನ್ನೊಂದು ಪ್ರಶ್ನೆ ಆಗಾಗ ಬರುತ್ತದೆ: ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆ ಸುಮಾರಿಗೆ, ಆದರೆ ಸೆಖೆ ಜೋರಾಗುವುದು ಎರಡು–ಮೂರು ಗಂಟೆಗೆ, ಯಾಕೆ? ಇದನ್ನು ಗಲ್ಲಾ ಪೆಟ್ಟಿಗೆಯ ಲೆಕ್ಕದಂತೆ ನೋಡಿ. ಹನ್ನೆರಡೂವರೆಯ ನಂತರ ಆದಾಯ ಇಳಿಯುತ್ತದೆ ನಿಜ, ಆದರೂ ಖರ್ಚಿಗಿಂತ ಜಾಸ್ತಿಯೇ ಇರುತ್ತದೆ. ಆದಾಯ ಖರ್ಚಿಗೆ ಸಮ ಆಗುವವರೆಗೆ ಪೆಟ್ಟಿಗೆ ತುಂಬುತ್ತಲೇ ಹೋಗುತ್ತದೆ. ಆದಾಯ ಅಂದರೆ ಬಿಸಿಲು. ಖರ್ಚು ಅಂದರೆ ನೆಲ ಕಣ್ಣಿಗೆ ಕಾಣದ ಅವಕೆಂಪು ಕಿರಣವಾಗಿ ಮೇಲಕ್ಕೆ ಬಿಡುವ ಶಾಖ, ಗಾಳಿಗೆ ದಾಟಿಸುವ ಶಾಖ. ಆ ಕಿರಣವನ್ನು ನೀರಾವಿ, ಇಂಗಾಲದ ಡೈಆಕ್ಸೈಡ್ ಹಿಡಿದು ಸ್ವಲ್ಪವನ್ನು ಕೆಳಕ್ಕೇ ಕಳಿಸುತ್ತವೆ. ಹೀಗಾಗದಿದ್ದರೆ ಭೂಮಿಯ ಸರಾಸರಿ ಉಷ್ಣತೆ ಈಗಿನ ಸುಮಾರು 15 ಡಿಗ್ರಿಯ ಬದಲು ಮೈನಸ್ 18 ಇರುತ್ತಿತ್ತು.

ಮನೆಯಲ್ಲಿ ಮಾಡಿ ನೋಡಿ. ಒಂದೇ ಥರದ ಎರಡು ಡಬ್ಬಿ, ಒಂದರಲ್ಲಿ ಒಣ ಮರಳು, ಇನ್ನೊಂದರಲ್ಲಿ ನೀರು. ಎರಡು ಗಂಟೆ ಬಿಸಿಲಲ್ಲಿಟ್ಟು ಮುಟ್ಟಿ, ಆಮೇಲೆ ನೆರಳಿಗೆ ತಂದು ಯಾವುದು ಬೇಗ ತಣ್ಣಗಾಗುತ್ತದೆ ನೋಡಿ. ತೂಕ ಮಾತ್ರ ಸಮ ಇರಲಿ. ನಾನು ಮೊದಲ ಸಲ ಸುಮ್ನೆ ಲೋಟದಲ್ಲಿ ಅಳೆದು ಹಾಕಿದ್ದೆ. ಮರಳಿನ ಡಬ್ಬಿಯೇ ಭಾರವಾಗಿ, ಲೆಕ್ಕ ತಪ್ಪಿತು.