ಮೀನು ಮರಿ ಫೀಡ್‌ಗೆ ಬೆರೆಸಿದ್ದು ಹೊಟ್ಟೆ ತಲುಪುತ್ತಾ?

ಮರಿ ಬೇಗ ಬೆಳೀಬೇಕು, ಫೀಡ್‌ಗೆ ಏನ್ ಬೆರೆಸ್ಲಿ ಅಂತ ಎಲ್ರೂ ಕೇಳ್ತಾರೆ. ಬೆರೆಸಿದ್ದು ಅದರ ಹೊಟ್ಟೆವರೆಗೂ ಹೋಗುತ್ತಾ ಅಂತ ಕೇಳೋರು ಕಮ್ಮಿ. ಎಳೆ ಮರಿಗೆ ಹಾಕೋ ಫೀಡ್ ರವೆಗಿಂತ ಸಣ್ಣ ಪುಡಿ, ಕಣ ಸಣ್ಣದಾದಷ್ಟೂ ನೀರು ತಾಗೋ ಮೇಲ್ಮೈ ಜಾಸ್ತಿ, ಹಾಗಾಗಿ ನೀರಿಗೆ ಬಿದ್ದ ಕೆಲವೇ ನಿಮಿಷದಲ್ಲಿ ವಿಟಮಿನ್ ಸಿ, ಬಿ ವಿಟಮಿನ್‌ಗಳು, ಬಿಡಿ ಅಮೈನೋ ಆಸಿಡ್‌ಗಳು (ಪ್ರೋಟೀನ್ ಕಟ್ಟೋ ತುಣುಕುಗಳು) ಸುಮಾರಷ್ಟು ಕರಗಿ ಹೋಗ್ಬಿಡ್ತವೆ. ದುಡ್ಡು ನಮ್ಮದು, ಗೊಬ್ಬರ ಪಾಚಿಗೆ! ಅದಕ್ಕೇ ಫೀಡ್ ಮೇಲೆ ಎಣ್ಣೆ ಸವರೋದು, ಒಂದೇ ಸಲ ಸುರೀದೆ ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪ ಹಾಕೋದು.

ವಿಟಮಿನ್ ಸಿ ವಿಷಯದಲ್ಲಂತೂ ಉದಾಸೀನ ಮಾಡೋ ಹಾಗಿಲ್ಲ. ಬಹುಪಾಲು ಸಾಕು ಮೀನುಗಳು ನಮ್ಮ ಥರಾನೇ ಅದನ್ನ ಮೈಯಲ್ಲಿ ತಯಾರಿಸ್ಕೊಳ್ಳಲ್ಲ, ಕಮ್ಮಿಯಾದ್ರೆ ಮೂಳೆ, ಚರ್ಮಕ್ಕೆ ಗಟ್ಟಿತನ ಕೊಡೋ ಕೊಲಾಜನ್ ಅನ್ನೋ ಪ್ರೋಟೀನ್ ಸರಿಯಾಗಿ ಕೂಡಲ್ಲ, ಬೆನ್ನುಮೂಳೆ ಡೊಂಕಾಗುತ್ತೆ. ವಿಟಮಿನ್ ಸಿಯ ಮಾಮೂಲಿ ರೂಪ ಆಸ್ಕಾರ್ಬಿಕ್ ಆಸಿಡ್, ಅದು ಬಿಸಿಗೂ ಗಾಳಿಗೂ ಹಾಳಾಗುತ್ತೆ, ಫಾಸ್ಫೇಟ್ ಸೇರಿಸಿದ ರೂಪ ಬಾಳಿಕೆ ಬರುತ್ತೆ.

ಇನ್ನು ಕ್ಯಾಲ್ಸಿಯಂ. ಮೂಳೆಗೆ ಒಳ್ಳೇದು ಅಂತ ಸುರಿಯೋರಿದ್ದಾರೆ, ಆದ್ರೆ ಮೀನು ಅದನ್ನ ಕಿವಿರಿನ ಮೂಲಕ ನೀರಿಂದಾನೇ ಎಳ್ಕೊಳ್ಳುತ್ತೆ. ನಿಜಕ್ಕೂ ಫೀಡ್‌ನಲ್ಲೇ ಸಿಗಬೇಕಾಗಿದ್ದು ರಂಜಕ (ಫಾಸ್ಫರಸ್), ನೀರಲ್ಲಿ ಅದು ಇರೋದೇ ಅತ್ಯಲ್ಪ. ಫೀಡ್‌ಗೆ ಬಳಸೋ ಸೋಯಾ ಹಿಂಡಿಯಲ್ಲಿ ರಂಜಕ ಇದೆ, ಆದ್ರೆ ಹೆಚ್ಚಿನ ಪಾಲು ಫೈಟೇಟ್ ಅನ್ನೋ ರೂಪದಲ್ಲಿ ಬೀಗ ಹಾಕ್ಕೊಂಡು ಕೂತಿರುತ್ತೆ. ಅದನ್ನ ಬಿಡಿಸೋಕೆ ಫೈಟೇಸ್ ಎಂಜೈಮ್ ಬೆರೆಸ್ತಾರೆ, ಇಲ್ಲೊಂದು ತಮಾಷೆ ನೋಡಿ, ಸಾಮಾನ್ಯವಾಗಿ ಸಿಗೋ ಫೈಟೇಸ್‌ಗೆ ಹುಳಿ ವಾತಾವರಣ ಬೇಕು, ಆ ಹುಳಿ ಬರೋದು ಜಠರದಿಂದ, ಆದ್ರೆ ಕಾಟ್ಲಾ, ರೋಹು ಥರದ ಕಾರ್ಪ್ ಜಾತಿ ಮೀನುಗಳಿಗೆ ಜಠರಾನೇ ಇಲ್ಲ, ಗಂಟಲಿಂದ ನೇರ ಕರುಳು! ಜಠರ ಇರೋ ತಿಲಾಪಿಯಾ ಮೀನಲ್ಲಿ ಚೆನ್ನಾಗಿ ಕೆಲಸ ಮಾಡಿದ ಪ್ಯಾಕೆಟ್ ಕಾರ್ಪ್‌ನಲ್ಲಿ ಸಪ್ಪೆಯಾದ್ರೆ ಆಶ್ಚರ್ಯ ಇಲ್ಲ. ಕಾರ್ಪ್ ಫೀಡ್‌ಗೆ ಮೊನೋಸೋಡಿಯಂ ಫಾಸ್ಫೇಟ್‌ನಂಥ ಸುಲಭವಾಗಿ ಕರಗೋ ರಂಜಕ ಸೇರಿಸೋದೇ ನನಗೆ ನೇರ ದಾರಿ ಅನ್ಸುತ್ತೆ. ಸೋಯಾದಲ್ಲಿ ಮೆಥಿಯೋನಿನ್ ಅನ್ನೋ ಅಮೈನೋ ಆಸಿಡ್ ಕೂಡ ಕಮ್ಮಿ, ಅದನ್ನೂ ತುಂಬಿಸ್ಬೇಕು.

ಪ್ರೋಬಯಾಟಿಕ್‌ನಲ್ಲಿ, ಅಂದ್ರೆ ಫೀಡ್‌ಗೆ ಬೆರೆಸೋ ಒಳ್ಳೆ ಬ್ಯಾಕ್ಟೀರಿಯಾದಲ್ಲಿ, ಬ್ಯಾಸಿಲಸ್ ಹೆಚ್ಚು ಬಳಕೆ, ಅದರ ಬೀಜಕಣಗಳು ಬಿಸಿ ತಡ್ಕೊಳ್ತವೆ ಅಂತ. ಕಳಪೆ ನೀರು, ಕಮ್ಮಿ ಪ್ರೋಟೀನ್ ಇದ್ದಲ್ಲಿ ಅದರಿಂದ ಪವಾಡ ಏನೂ ಆಗಲ್ಲ.

ಸಮುದ್ರ ಮೀನಿನ ಮರಿಗಳ ಕಥೆಯೇ ಬೇರೆ. ಅವಕ್ಕೆ ಮೊದಮೊದಲು ಜೀವಂತ ಆಹಾರಾನೇ ಬೇಕು, ಮೊದಲು ರೋಟಿಫರ್ ಅನ್ನೋ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿ, ಆಮೇಲೆ ಆರ್ಟೀಮಿಯಾ ಅನ್ನೋ ಪುಟ್ಟ ಸಿಗಡಿಯಂಥ ಜೀವಿಯ ಮರಿ. ಆರ್ಟೀಮಿಯಾದಲ್ಲಿ ಡಿಎಚ್‌ಎ ಅನ್ನೋ ಒಮೆಗಾ-3 ಕೊಬ್ಬು ಇಲ್ಲವೇ ಇಲ್ಲ ಅನ್ನೋಷ್ಟು ಕಮ್ಮಿ, ಮರಿಯ ಕಣ್ಣು, ಮಿದುಳಿಗೆ ಅದು ಬೇಕೇ ಬೇಕು. ಹಾಗಾಗಿ ಎಣ್ಣೆ ಎಮಲ್ಷನ್ ಅಥವಾ ಪಾಚಿ ಪುಡಿ ಕಲಸಿದ ನೀರಲ್ಲಿ ಆರ್ಟೀಮಿಯಾ ಬಿಟ್ಟು ಹೊಟ್ಟೆ ತುಂಬಿಸ್ತಾರೆ. ಆಗ ತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ತಿನ್ನಲ್ಲ, ಒಂದು ಸಲ ಪೊರೆ ಕಳಚಿದ ಮೇಲೇ ಬಾಯಿ ತೆರೆಯೋದು, ಅಲ್ಲಿವರೆಗೂ ಕಾಯ್ಬೇಕು. ತಿನ್ನಿಸಿದ ಮೇಲೆ ತಡ ಮಾಡೋಹಾಗೂ ಇಲ್ಲ, ಆರ್ಟೀಮಿಯಾ ಆ ಡಿಎಚ್‌ಎಯನ್ನ ತಾನೇ ಕರಗಿಸ್ಕೊಂಡ್ಬಿಡುತ್ತೆ, ತಣ್ಣಗಿಟ್ಟು ಬೇಗ ಮರಿಗಳಿಗೆ ಹಾಕ್ಬೇಕು.