1911ರಿಂದ 1945ರ ನಡುವಿನ ಕೊರಿಯಾ ನಾಣ್ಯ ಯಾಕೆ ಸಿಗುವುದಿಲ್ಲ?

ಪ್ರಶ್ನೆ: ಜಪಾನ್ ಹಿಡಿತದ ಕಾಲದ ಕೊರಿಯಾ ನಾಣ್ಯಗಳನ್ನು ಕೂಡಿಸುತ್ತಿದ್ದೇನೆ. 1910ರವರೆಗಿನವು ನಾಲ್ಕಾರು ಸಿಕ್ಕಿವೆ. ಆಮೇಲಿನದು ಒಂದೂ ಇಲ್ಲ. ಅಷ್ಟೊಂದು ಅಪರೂಪವೇ?

ಅಪರೂಪವಲ್ಲ, ಅವು ಹುಟ್ಟಲೇ ಇಲ್ಲ. 1910ರ ಆಗಸ್ಟ್ 29ರಂದು ಕೊರಿಯವನ್ನು ತನ್ನೊಳಗೆ ಸೇರಿಸಿಕೊಂಡ ಜಪಾನ್, ಅದರ ಹೆಸರಿನಲ್ಲಿ ನಾಣ್ಯ ಅಚ್ಚು ಹಾಕುವುದನ್ನೇ ನಿಲ್ಲಿಸಿತು. ಮುಂದಿನ 35 ವರ್ಷ, ಅಂದರೆ 1945ರ ಆಗಸ್ಟ್ 15ರವರೆಗೆ (ನಮಗಿಂತ ಸರಿಯಾಗಿ ಎರಡು ವರ್ಷ ಮೊದಲು, ಅದೇ ತಾರೀಕು!), ಅಲ್ಲಿ ಓಡಾಡಿದ್ದು ಬ್ಯಾಂಕ್ ಆಫ್ ಚೋಸೆನ್‌ನ (ಚೋಸೆನ್ ಅಂದರೆ ಜಪಾನೀ ಭಾಷೆಯಲ್ಲಿ ಕೊರಿಯಾ) ನೋಟುಗಳು ಮತ್ತು ಜಪಾನಿನದೇ ಚಿಲ್ಲರೆ. ಆ ಕಾಲದ ನೆನಪು ಬೇಕೆಂದರೆ ಗಡ್ಡದ ಅಜ್ಜನ ಚಿತ್ರವಿರುವ ಆ ನೋಟು ಹುಡುಕಿ.

ಹಾಗಾಗಿ ನೀವು ಕೇಳುವ ಕಾಲದ ನಾಣ್ಯಗಳೆಂದರೆ 1905ರಿಂದ 1910ರವರೆಗಿನ ಆರೇ ವರ್ಷದವು. ಹೆಸರಿಗೆ ಕೊರಿಯಾ ಸಾಮ್ರಾಜ್ಯ ಇನ್ನೂ ಇತ್ತು, ಹಣಕಾಸಿನ ಕೀಲಿಕೈ ಜಪಾನಿನ ಸಲಹೆಗಾರ ಮೆಗಾತಾ ತಾನೆತಾರೋ ಕೈಯಲ್ಲಿತ್ತು. ಕೊರಿಯಾದ ಸ್ವಂತ ಟಂಕಸಾಲೆ 1904ರಲ್ಲೇ ಮುಚ್ಚಿತು. ಹೊಸ ನಾಣ್ಯ ಒಸಾಕಾದಿಂದ ಬಂತು. ಹಳೆಯ ನಿಕ್ಕಲ್ ನಾಣ್ಯ ಬದಲಿಸಲು ಹೋದವರ ಪಾಡು ಮಾತ್ರ ಕೇಳಬೇಡಿ: ಒಳ್ಳೆಯದಕ್ಕೆ ಎರಡೂವರೆ ಚೋನ್ (ನೂರು ಚೋನ್‌ಗೆ ಒಂದು ವೋನ್), ಸುಮಾರಾಗಿದ್ದಕ್ಕೆ 1, ಕಳಪೆ ಎನ್ನಿಸಿದ್ದನ್ನು ಮುಟ್ಟಲೇ ಇಲ್ಲ. ಎಷ್ಟೋ ಕೊರಿಯನ್ ವರ್ತಕರು ಅದರಲ್ಲೇ ದಿವಾಳಿಯಾದರು.

ಈಗ ನಿಮ್ಮ ಕೈಯಲ್ಲಿರುವುದನ್ನೇ ತಿರುಗಿಸಿ ನೋಡಿ. ಇಸವಿ ಚೀನೀ ಅಕ್ಷರದಲ್ಲಿದೆ, ಅದೂ ದೊರೆಯ ಆಳ್ವಿಕೆಯ ಲೆಕ್ಕದಲ್ಲಿ. ಪ್ಲಸ್ ಗುರುತಿನಂಥದ್ದು 10, ಅದರ ಪಕ್ಕ ಅಡ್ಡಗೆರೆ ಇದ್ದರೆ 11, ಬರೀ ಎರಡು ಗೆರೆ 2, ಮೂರು ಗೆರೆ 3. ಗ್ವಾಂಗ್‌ಮು ಎಂಬುದು ಗೋಜೊಂಗ್ ದೊರೆಯ ಶಕೆ, ಯುಂಗ್‌ಹಿ ಅವನ ಮಗನದು. ಗ್ವಾಂಗ್‌ಮು 10 ಎಂದರೆ 1906. ಗ್ವಾಂಗ್‌ಮು 11 ಎಂದರೆ 1907. ಆದರೆ ಯುಂಗ್‌ಹಿ 1 ಕೂಡ 1907ರದ್ದೇ! ಹೇಗ್ ಶಾಂತಿ ಸಮ್ಮೇಳನಕ್ಕೆ ಗುಟ್ಟಾಗಿ ದೂತರನ್ನು ಕಳಿಸಿದ್ದಕ್ಕೆ ಆ ವರ್ಷದ ಜುಲೈನಲ್ಲಿ ಗೋಜೊಂಗ್ ದೊರೆಯನ್ನು ಗಾದಿಯಿಂದ ಇಳಿಸಿ ಮಗ ಸುಂಜೊಂಗ್‌ನನ್ನು ಕೂರಿಸಿದರು, ಲೆಕ್ಕ ಮತ್ತೆ ಒಂದರಿಂದ ಶುರುವಾಯಿತು. ಒಂದೇ ವರ್ಷಕ್ಕೆ ಎರಡು ದೊರೆಗಳು. ನನ್ನ ಮಟ್ಟಿಗೆ ಈ ಸಾಲಿನ ಅತಿ ರುಚಿಯ ಭಾಗ ಇದೇ.

1907ಕ್ಕೆ ಇನ್ನೊಂದು ಮಹತ್ವ ಇದೆ. ಬೆಳ್ಳಿ ದುಬಾರಿಯಾಗಿ ನಾಣ್ಯಗಳ ತೂಕ ಇಳಿಸಿದರು. ಬೆಳ್ಳಿಯ ಅರ್ಧ ವೋನ್ ಗ್ವಾಂಗ್‌ಮು 9 ಮತ್ತು 10ರಲ್ಲಿ 13.48 ಗ್ರಾಂ, 11ರಿಂದ 10 ಗ್ರಾಂ ಚಿಲ್ಲರೆ. ಕಂಚಿನ 1 ಚೋನ್ 7.13ರಿಂದ 4.2ಕ್ಕೆ ಬಿತ್ತು. ನಕಲಿ ಹಿಡಿಯಲು ಇದಕ್ಕಿಂತ ಸುಲಭದ ದಾರಿ ಇಲ್ಲ: ಪ್ಲಸ್ ಒಂದೇ ಇರುವ ಅರ್ಧ ವೋನ್ ನಿಮ್ಮ ತಕ್ಕಡಿಯಲ್ಲಿ 10 ಗ್ರಾಂ ತೋರಿಸಿದರೆ ವಾಪಸು ಕೊಟ್ಟುಬಿಡಿ. ಸವೆದು ಚೂರು ಕಮ್ಮಿಯಾಗಬಹುದು, ಮೂರು ಗ್ರಾಂ ಸವೆಯುವುದಿಲ್ಲ. ಆಯಸ್ಕಾಂತಕ್ಕೆ ಅಂಟಿದರಂತೂ ಚರ್ಚೆಯೇ ಬೇಡ.

ನಿಜವಾದ ಅಪರೂಪ ಬೇಕೆಂದರೆ ಚಿನ್ನದ ಕಡೆ ಹೋಗಬೇಕು. 1906ರ 20 ವೋನ್ ಅಚ್ಚಾಗಿದ್ದೇ 2,506. ನಮ್ಮಂಥವರ ಜೇಬಿಗಲ್ಲ ಅದು. ಸಂತೆಯಂಥ ಕಡೆ ಅಗ್ಗಕ್ಕೆ ಸಿಕ್ಕರೆ ಅದು ಹಿತ್ತಾಳೆಯೇ ಸರಿ. 1901-02ರ ಹದ್ದಿನ ಮುದ್ರೆಯ ನಾಣ್ಯಗಳೂ ಅಷ್ಟೇ. ರಷ್ಯದ ಪ್ರಭಾವದಲ್ಲಿ ಹುಟ್ಟಿದ ಅವನ್ನು ಜಪಾನ್ ಬಹುಪಾಲು ನಾಶಮಾಡಿಸಿತು. ಶುರು ಮಾಡುವವರು ಕಂಚಿನ 1 ಚೋನ್ ಅನ್ನೇ ಹಿಡಿಯಲಿ, ಭಾರದ್ದೊಂದು, ಹಗುರದ್ದೊಂದು.

ಇನ್ನು 1910ರ ಮುಂದಿನ ಖಾನೆಯನ್ನು ಆಲ್ಬಂನಲ್ಲಿ ಹಾಗೇ ಖಾಲಿ ಬಿಡಿ. ಆಮೇಲೆ ಅಲ್ಲಿ ಕೂರಬೇಕಾದದ್ದು ದಕ್ಷಿಣ ಕೊರಿಯಾದ ಮೊದಲ ನಾಣ್ಯ. ಅದರ ಮೇಲೆ 4292 ಎಂದು ಕಂಡರೆ ಗಾಬರಿಯಾಗಬೇಡಿ, ಅದು ಕೊರಿಯಾದ ಪುರಾಣದ ಮೊದಲ ದೊರೆ ಡಾಂಗುನ್ ಹೆಸರಿನ ಶಕೆ, ನಮ್ಮ ಲೆಕ್ಕದಲ್ಲಿ 1959.