ಕೊನೆಯ ಐವತ್ತು ಬಾರ್ ಯಾರ ಪಾಲಿನದು?

ಮುರುಡೇಶ್ವರದಿಂದ ನೇತ್ರಾಣಿ ನಡುಗಡ್ಡೆಗೆ ಸುಮಾರು 10 ನಾಟಿಕಲ್ ಮೈಲಿ. ಸ್ಕೂಬಾ ಡೈವಿಂಗ್‌ಗೆ ಹೊರಟ ದೋಣಿ ದಡ ಬಿಟ್ಟ ಸ್ವಲ್ಪ ಹೊತ್ತಿಗೆ ಯಾರಾದರೊಬ್ಬರು ಕೇಳುತ್ತಾರೆ: ‘ಈ ಸಿಲಿಂಡರ್ ಎಷ್ಟು ಹೊತ್ತು ಬರುತ್ತದೆ?’ ಎಷ್ಟು ಆಳಕ್ಕೆ ಹೋಗುತ್ತೀರಿ ಎಂದು ತಿಳಿಯದೆ ಇದಕ್ಕೆ ಉತ್ತರ ಹೇಳಲಾಗದು.

ಸಾಮಾನ್ಯವಾಗಿ ಬಳಸುವ ಅಲ್ಯೂಮಿನಿಯಂ ಸಿಲಿಂಡರ್‌ನ ಒಳಗಾತ್ರ 11.1 ಲೀಟರ್. 200 ಬಾರ್‌ಗೆ (ಬಾರ್ ಎಂದರೆ ಒತ್ತಡದ ಅಳತೆ; ನೀರಿನ ಮೇಲ್ಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು ಒಂದು ಬಾರ್) ತುಂಬಿದರೆ ಸುಮಾರು 2,200 ಲೀಟರ್ ಗಾಳಿ ಹಿಡಿಯುತ್ತದೆ. ಸೋಸಿ, ತೇವ ತೆಗೆದು ತುಂಬಿದ ಮಾಮೂಲಿ ಗಾಳಿ ಅದು. ಶುದ್ಧ ಆಮ್ಲಜನಕ ತುಂಬಿದ್ದರೆ ಆರು ಮೀಟರ್ ದಾಟಿದ ಮೇಲೆ ಅದೇ ಅಪಾಯಕಾರಿ. ಪ್ರತಿ 10 ಮೀಟರಿಗೆ ಒತ್ತಡ ಒಂದು ಬಾರ್ ಏರುವುದರಿಂದ, ಮೇಲ್ಮಟ್ಟದಲ್ಲಿ ನಿಮಿಷಕ್ಕೆ 20 ಲೀಟರ್ ಸೇವಿಸುವ ಡೈವರ್‌ಗೆ 10 ಮೀಟರಿನಲ್ಲಿ 40, 20 ಮೀಟರಿನಲ್ಲಿ 60 ಲೀಟರ್ ಬೇಕು. ಬಂಡೆಯ ಮಗ್ಗುಲಲ್ಲಿ ಸೆಳೆತಕ್ಕೆ ಎದುರಾಗಿ ಈಜಿದರೆ ಈ ಲೆಕ್ಕವೂ ಸಾಲದು.

‘50 ಬಾರ್ ಉಳಿಸಿಕೊಂಡು ದೋಣಿಗೆ ಬನ್ನಿ’ ಎಂಬ ಸೂಚನೆಯನ್ನು ಎಲ್ಲರೂ ಕಂಠಪಾಠ ಮಾಡಿರುತ್ತಾರೆ. ಆದರೆ ಎಷ್ಟು ಇರುವಾಗ ತಳ ಬಿಡಬೇಕು ಎಂಬುದನ್ನು ಅದು ಹೇಳುವುದಿಲ್ಲ. ಒತ್ತಡ ಮಾಪಕದ ಮುಳ್ಳು 50ಕ್ಕೆ ಇಳಿಯುವ ತನಕ ಮೀನು ನೋಡುತ್ತ ನಿಲ್ಲುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಏಕೆಂದರೆ ಆ ಗಾಳಿಯಲ್ಲಿ ಜೊತೆಗಾರನಿಗೂ ಪಾಲಿದೆ.

18 ಮೀಟರಿನಲ್ಲಿ ಜೊತೆಗಾರನ ಗಾಳಿ ನಿಂತುಹೋಯಿತು ಎಂದುಕೊಳ್ಳಿ. ಈಗ ಒಂದೇ ಸಿಲಿಂಡರ್, ಇಬ್ಬರ ಉಸಿರು. ಗಾಬರಿಯಲ್ಲಿ, ಮೇಲ್ಮಟ್ಟದ ಲೆಕ್ಕದಲ್ಲಿ, ನಿಮಿಷಕ್ಕೆ ತಲಾ 30 ಲೀಟರ್, ಒಟ್ಟು 60. ಬದಲಿ ರೆಗ್ಯುಲೇಟರ್ (ಸಿಲಿಂಡರ್‌ನ ಗಾಳಿಯನ್ನು ಬಾಯಿಗೆ ಕೊಡುವ ಉಪಕರಣ) ಕೊಟ್ಟು, ಇಬ್ಬರೂ ಸುಧಾರಿಸಿಕೊಳ್ಳಲು ಒಂದು ನಿಮಿಷ: ಅಲ್ಲಿನ ಒತ್ತಡ 2.8 ಬಾರ್, ಹಾಗಾಗಿ 168 ಲೀಟರ್. ನಿಮಿಷಕ್ಕೆ 9 ಮೀಟರ್ ವೇಗದಲ್ಲಿ ಮೇಲೇರಲು ಎರಡು ನಿಮಿಷ, ಸರಾಸರಿ ಒತ್ತಡ 1.9 ಬಾರ್: 228 ಲೀಟರ್. 5 ಮೀಟರಿನಲ್ಲಿ ಮೈಯಲ್ಲಿ ಕರಗಿದ ನೈಟ್ರೋಜನ್ ಹೊರಹೋಗಲು ನಿಲ್ಲುವ ಮೂರು ನಿಮಿಷದ ಸುರಕ್ಷತಾ ನಿಲುಗಡೆಗೆ 270. ಕೂಡಿದರೆ 666 ಲೀಟರ್, ಅಂದರೆ ಸರಿಯಾಗಿ 60 ಬಾರ್. 50 ಬಾರ್‌ನಲ್ಲಿ ಇರುವುದು 555 ಲೀಟರ್ ಮಾತ್ರ. ಇದೇ ಲೆಕ್ಕ 30 ಮೀಟರಿಗೆ ಹಾಕಿದರೆ 90 ಬಾರ್ ದಾಟುತ್ತದೆ.

ಮಾಪಕದ ಮುಳ್ಳನ್ನು ಪೂರ್ತಿ ನಂಬಲಾಗದು. ಆದ್ದರಿಂದ 18 ಮೀಟರಿಗೆ ನಾನು 70 ಬಾರ್ ಮುಟ್ಟದೆ ಇಡುತ್ತೇನೆ. ಉಳಿದ 130ರಲ್ಲಿ ಹೋಗಲು ಅರ್ಧ, ದೋಣಿ ಕಟ್ಟಿದ ಹಗ್ಗಕ್ಕೆ ಮರಳಲು ಅರ್ಧ. 135 ಕಂಡ ಕೂಡಲೇ ತಿರುಗಬೇಕು, ಇಬ್ಬರಲ್ಲಿ ಯಾರ ಮಾಪಕ ಮೊದಲು ಅಲ್ಲಿಗೆ ಬಂದರೂ ಸರಿ. ಬೋಧಕ ಜೊತೆಗಿರುವ ಮೊದಲ ಸಲದ ಡೈವ್‌ನಲ್ಲಿ ಈ ಲೆಕ್ಕ ಅವನ ತಲೆನೋವು. ಪ್ರಮಾಣಪತ್ರ ಕೈಗೆ ಬಂದ ಮೇಲೆ ನಿಮ್ಮದು.

ಗಾಳಿ ಉಳಿಸಲೆಂದು ಉಸಿರು ಹಿಡಿಯುವವರೂ ಇದ್ದಾರೆ. ಅಘನಾಶಿನಿ ಅಳಿವೆಯಲ್ಲಿ ಉಸಿರು ಕಟ್ಟಿ ಮುಳುಗಿ ಬಳಚು (ಚಿಪ್ಪುಜೀವಿ) ತೆಗೆಯುವವರ ವಿಷಯ ಬೇರೆ. ಅವರು ಮೇಲಿನ ಗಾಳಿಯನ್ನೇ ಎದೆಯಲ್ಲಿ ಒಯ್ದು ಅದನ್ನೇ ಮರಳಿ ತರುತ್ತಾರೆ. ಆಳದಲ್ಲಿ ಸಿಲಿಂಡರ್‌ನ ಗಾಳಿ ಎಳೆದುಕೊಂಡವನು ಉಸಿರು ಹಿಡಿದು 10 ಮೀಟರಿನಿಂದ ಮೇಲೆ ಬಂದರೆ ಆ ಗಾಳಿ ಎರಡು ಪಟ್ಟು ಹಿಗ್ಗಿ ಶ್ವಾಸಕೋಶವನ್ನೇ ಹರಿದೀತು. ಮೇಲೇರದೆ ಹಿಡಿದರೂ ಇಂಗಾಲದ ಡೈಆಕ್ಸೈಡ್ ಸೇರಿ ತಲೆ ಸಿಡಿಯುತ್ತದೆ, ಉಸಿರಿನ ವೇಗವೂ ಏರುತ್ತದೆ. ಉಳಿತಾಯ ಸೊನ್ನೆ.

ನೈಟ್ರಾಕ್ಸ್, ಅಂದರೆ ಆಮ್ಲಜನಕದ ಪ್ರಮಾಣ ಹೆಚ್ಚಿಸಿದ ಗಾಳಿ, ಕೇಳುವವರಿಗೆ ಎರಡೇ ಮಾತು: ಅದು ಹೆಚ್ಚು ಹೊತ್ತು ಬರುವುದಿಲ್ಲ, ಹೆಚ್ಚು ಆಳಕ್ಕೂ ಅಲ್ಲ. ಶೇ 32 ಆಮ್ಲಜನಕವಿರುವ ಮಿಶ್ರಣದ ಮಿತಿ ಸುಮಾರು 33 ಮೀಟರ್. ಆಮ್ಲಜನಕದ ಪ್ರಮಾಣವನ್ನು ಉಪಕರಣದಿಂದ ನೀವೇ ಅಳೆದು ನೋಡಿ.

ಎಷ್ಟು ಗಾಳಿ ಎಂಬುದಕ್ಕೆ ಇಷ್ಟು ಲೆಕ್ಕ ಹಾಕುವವರೂ ಎಂಥ ಗಾಳಿ ಎಂದು ಕೇಳುವುದಿಲ್ಲ. ಕಂಪ್ರೆಸರ್‌ನ ಗಾಳಿ ಎಳೆಯುವ ಕೊಳವೆ ಡೀಸೆಲ್ ಹೊಗೆಯ ಬಳಿ ಇದ್ದರೆ ಕಾರ್ಬನ್ ಮೊನಾಕ್ಸೈಡ್ ಸಿಲಿಂಡರ್ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಆಳಕ್ಕೆ ಹೋದಷ್ಟೂ ಅದರ ಆಂಶಿಕ ಒತ್ತಡ, ಅಂದರೆ ಒಟ್ಟು ಒತ್ತಡದಲ್ಲಿ ಅದರ ಪಾಲು, ಏರುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಫಿಲ್ಟರ್ ಬೇಗ ಸೋಲುತ್ತದೆ, ಹಾಗಾಗಿ ಅದನ್ನು ಕೊನೆಯ ಬಾರಿ ಬದಲಾಯಿಸಿದ್ದು ಯಾವಾಗ ಎಂದು ಕೇಳಲು ಸಂಕೋಚ ಬೇಡ. ಎಣ್ಣೆಯ ರುಚಿ ಬಂದರೆ ಆ ಸಿಲಿಂಡರ್ ಬೇಡ. ಡೈವ್ ಮುಗಿಸಿದವರಿಗೆ ತಲೆನೋವು, ವಾಕರಿಕೆ ಕಾಣಿಸಿದರೆ ಅದು ಕಡಲ ಅಲೆಯ ಕಾರಣ ಎಂದು ತಳ್ಳಿಹಾಕಬೇಡಿ: ದೋಣಿಯಲ್ಲಿರುವ ಆಮ್ಲಜನಕ ಕೊಡಿ, ಎರಡನೇ ಡೈವ್ ನಿಲ್ಲಿಸಿ, ವೈದ್ಯರ ಬಳಿಗೆ ಕರೆದೊಯ್ಯಿರಿ. ಸಿಲಿಂಡರ್‌ನಲ್ಲಿ ಉಳಿದ ಗಾಳಿಯನ್ನು ಹೊರಬಿಡದೆ, ಅದರ ಸಂಖ್ಯೆ ಬರೆದು, ಪರೀಕ್ಷೆಗಾಗಿ ಬೇರೆ ಇಡಿ.